ನೋವಿಲ್ಲದೆ ಬಂದ ಕೂಸು

ಅಕ್ಟೋಬರ್ 28, ಮಂಗಳವಾರ

ಸಕ್ಕರೆ ಕಾರ್ಖಾನೆಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಹತ್ತು ತಿಂಗಳಿಂದ ಕಪಾಟಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಮಗ ದುಂಡೇಶ ಇದರಲ್ಲಿ ಒಂದಕ್ಷರ ಬರೆದಿಲ್ಲ. ನಾನು ಏಳನೇ ಇಯತ್ತೆ ಓದಿದವಳು, ಸಾವಿತ್ರಿಯ ಅಕ್ಷರ ಚೆಂದ ಎಂದು ಮಾಸ್ತರರಿಂದ ಹೊಗಳಿಸಿಕೊಂಡವಳು. ಮೊಮ್ಮಗ ಬರುವ ದಿನಗಳನ್ನು ನಾನೇ ಬರೆದಿಡುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ, ಆದರೆ ಬರೆದರೆ ಯಾರು ಕೇಳುತ್ತಾರೆ? ಕಾಡಸಿದ್ದ. ಬರೆದೆ ನೋಡು.

ಇಂದು ಮಂಗಸೂಳಿಗೆ ಹೋಗಿ ಮಲ್ಲಯ್ಯ ದೇವರಿಗೆ ಅರಿಶಿನದ ಭಂಡಾರ ಏರಿಸಿ, ಬರುವಾಗ ಪಂಚಾಂಗ ನೋಡುವ ಬಾಪುಸಾಹೇಬ ಕಾಕಾನ ಮನೆಗೆ ಹೊಕ್ಕೆ. ಸೊಸೆಗೆ ಡಾಕ್ಟರು ಕೊಟ್ಟ ತಾರೀಖು ನವೆಂಬರ್ ಮೂವತ್ತು. ನೋವು ಎರಡು ವಾರ ಮೊದಲೂ ಬರಬಹುದಂತೆ. ನಡುವೆ ಇಪ್ಪತ್ತನೇ ತಾರೀಖಿಗೆ ಅಮವಾಸ್ಯೆ ಕೂತಿದೆ. ಅಮವಾಸ್ಯೆ ಈ ಮನೆಗೆ ಒಂದು ಸಲ ಬಂದು ಹೋಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಾಕಾ ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು. "ಒಂಬತ್ತನೇ ತಾರೀಖ, ರವಿವಾರ. ಮುಂಜಾನೆ ಹತ್ತೂವರಿಯಿಂದ ಹನ್ನೊಂದೂಕಾಲರೊಳಗ. ಅಂಥಾ ಘಳಿಗಿ ಈ ವರ್ಷ ಮತ್ತ ಸಿಗೂದಿಲ್ಲ" ಅಂದರು.

"ನೋವು ಅವತ್ತ ಬರ್ತಾವೇನ್ರಿ?"

"ನೋವಿನ ದಾರಿ ಯಾಕ ಕಾಯ್ತಿ? ಈಗ ಎಲ್ಲಾರೂ ತಾಸು ನೋಡಿ ಹೊಟ್ಟಿ ಕೊಯ್ಸಾಕತ್ತಾರ."

ರವಿವಾರ ಎಂದರೆ ಮಲ್ಲಯ್ಯನ ವಾರ. ನನ್ನ ಎದೆ ತಣ್ಣಗಾಯಿತು. ಮನೆಗೆ ಬಂದು ಹೇಳಿದೆ. ನಮ್ಮವರು ಹೂಂ ಅಂದರು, ಅವರು ಎಲ್ಲಕ್ಕೂ ಹೂಂ ಅನ್ನುತ್ತಾರೆ. ಹೋದ ವರ್ಷ ಮೂರು ತಿಂಗಳಿಗೇ ಒಂದು ಬಸಿರು ಹೋಗಿದ್ದರಿಂದ ದುಂಡೇಶನೂ ಹೆದರಿದ್ದಾನೆ, ಅವನೂ ಒಪ್ಪಿದ. ಸೊಸೆಯನ್ನು ಕೇಳುವುದು ಏನಿದೆ. ನಿಪ್ಪಾಣಿಯ ಹುಡುಗಿ, ತಾಯಿ ಇಲ್ಲ. ಬಾಣಂತನ ನನ್ನದೇ.

ನವೆಂಬರ್ 3, ಸೋಮವಾರ

ಅಥಣಿಯ ದವಾಖಾನೆಗೆ ಹೋಗಿ ಬಂದೆವು. ಎಲ್ಲರೂ ಬಾಯಿ ಎಂದು ಕರೆಯುವ ಡಾಕ್ಟರಮ್ಮನಿಗೆ ತಾರೀಖು, ತಾಸು ಹೇಳಿದರೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ನನ್ನ ಮಗಳ ವಯಸ್ಸಿನವಳು.

"ತಾಯಿ ಆರಾಮ ಅದಾಳ, ಕೂಸು ಆರಾಮ ಐತಿ. ಸುಮ್ಮನ ಯಾಕ ಕೊಯ್ಯೂದ್ರಿ? ಕೊಯ್ಯೂ ಪ್ರಸಂಗ ಬಂದ್ರ ನಾನ ಕೊಯ್ತೀನಿ, ಅದು ಜೀವ ಉಳಸ್ತೈತಿ. ನಿಮಗ ತಾಸು ಬೇಕ ಆಗಿದ್ರ ಮೂವತ್ತೊಂಬತ್ತು ವಾರರೆ ತುಂಬ್ಲಿ."

"ಅಷ್ಟೊತ್ತಿಗೆ ಅಮವಾಸಿ ಬರ್ತೈತ್ರಿ."

"ಅಮವಾಸಿಗೂ ದಿನಾ ಹಡಿತಾರ್ರಿ ಇಲ್ಲಿ."

ಹಡೆದ ಕೂಸು ಉಳಿಯಬೇಕಲ್ಲ ಎನ್ನುವ ಮಾತು ನಾಲಿಗೆ ತುದಿಗೆ ಬಂತು, ನುಂಗಿದೆ. ನೀವು ಆಗುವುದಿಲ್ಲ ಅಂದರೆ ಬೇರೆ ಕಡೆ ಹೋಗುತ್ತೇವೆ ಅಂದೆ. ಆಕೆ ಒಂದು ಕಾಗದ ತೆಗೆದು ಏನೇನೋ ಓದಿ ಹೇಳಿ ದುಂಡೇಶನ ಸಹಿ ಹಾಕಿಸಿಕೊಂಡಳು. ಸೊಸೆ ನನ್ನ ಮುಖ ನೋಡಿದಳು. ಒಳ್ಳೆಯ ಹುಡುಗಿಯೇ, ಆದರೆ ಕಣ್ಣಿನಲ್ಲಿ ಬಹಳ ಮಾತು ಇಟ್ಟುಕೊಂಡಿರುತ್ತಾಳೆ.

ಕರಿ ಆಡು ಗಬ್ಬ ಇದೆ. ಮನೆಯ ಹನ್ನೆರಡು ಆಡುಗಳಲ್ಲಿ ಅದೇ ನನ್ನ ಚಿನ್ನ. ಇನ್ನು ಹತ್ತು ಹನ್ನೆರಡು ದಿನಕ್ಕೆ ಈಯುತ್ತದೆ.

ನವೆಂಬರ್ 9, ರವಿವಾರ

ಗಂಡು! ಹತ್ತು ಐವತ್ತೆರಡಕ್ಕೆ. ನಾನೇ ಗಡಿಯಾರ ನೋಡಿದೆ. ಬಾಪುಸಾಹೇಬ ಕಾಕಾನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡು ಕಿಲೋ ನಾನೂರು ಗ್ರಾಂ. ಸಣ್ಣದು, ಆದರೆ ಮುಖ ನಮ್ಮವರದ್ದೇ. ನನ್ನ ರಾಜಾ. ಅಮವಾಸ್ಯೆಯ ಕೈಗೆ ಸಿಗದೆ ಹನ್ನೊಂದು ದಿನ ಮೊದಲೇ ಬಂದುಬಿಟ್ಟ.

ಸೊಸೆಗೆ ಒಂದು ನೋವೂ ಇಲ್ಲ. ಒಳಗೆ ಹೋದಳು, ಅರ್ಧ ತಾಸಿಗೆ ಕೂಸು ಹೊರಗೆ. ರಾಜಾನೂ ಹೆಚ್ಚು ಅಳಲಿಲ್ಲ. ಎರಡು ಸಲ ಕುಂಯಿ ಅಂದು ಸುಮ್ಮನಾದ. ಪಕ್ಕದ ಹಾಸಿಗೆಯ ಕೂಸು ನೆಲ ಮುಗಿಲು ಒಂದು ಮಾಡಿ ಒದರುತ್ತಿತ್ತು. ನಮ್ಮದು ಎಷ್ಟು ಶಾಂತ ಎಂದು ಎಲ್ಲರಿಗೂ ತೋರಿಸಿದೆ. ಕೈ ಕಾಲು ಸ್ವಲ್ಪ ತಣ್ಣಗಿದ್ದವು. ಒಳಗಿನ ಎಸಿಯ ಗಾಳಿ ಇರಬೇಕು.

ಎರಡು ತಾಸಿಗೆ ಶೇಡಬಾಳದ ನರ್ಸ್ ಹುಡುಗಿ ತೃಪ್ತಿ ಬಂದು ರಾಜಾನ ಹಿಮ್ಮಡಿಗೆ ಸೂಜಿ ಚುಚ್ಚಿದಳು. ರಕ್ತದಲ್ಲಿ ಸಕ್ಕರೆ ನೋಡುತ್ತಾಳಂತೆ. ಮೂವತ್ನಾಲ್ಕು ಅಂದಳು, ಓಡಿ ಹೋದಳು, ಬಟ್ಟಲಲ್ಲಿ ಹಾಲು ತಂದಳು. ಹುಟ್ಟಿದ ಕೂಸಿಗೆ ಸಕ್ಕರೆ ಕಾಯಿಲೆಯೇ ಎಂದು ನಾನು ಜಗಳ ತೆಗೆದೆ. "ಹೆಚ್ಚಾಗಿಲ್ಲ ಮೌಶಿ, ಕಡಿಮಿ ಆಗೇತಿ" ಅಂದಳು. ಒಳ್ಳೆಯ ದಿನ ಕೂಸಿನ ರಕ್ತ ಹರಿಸಿದಳು, ಅದು ನನಗೆ ಸೇರಲಿಲ್ಲ.

ನವೆಂಬರ್ 10, ಸೋಮವಾರ

ತೃಪ್ತಿ ಪೊಲೀಸರ ಹಾಗೆ ಎರಡೆರಡು ತಾಸಿಗೆ ಬಂದು ನಿಲ್ಲುತ್ತಾಳೆ. ರಾಜಾನ ಅಂಗಿ ಬಿಚ್ಚಿ ಬರಿ ಮೈಯಲ್ಲಿ ಸೊಸೆಯ ಎದೆಯ ಮೇಲೆ ಮಲಗಿಸಿ ಮೇಲೆ ರಗ್ಗು ಹೊದಿಸಿದ್ದಾಳೆ. ಮಲಗಿದ ಕೂಸನ್ನು ಅಂಗಾಲು ಕೆರೆದು ಎಬ್ಬಿಸುತ್ತಾಳೆ. ಇದೇನು ಪದ್ಧತಿ ಎಂದು ಕೇಳಿದೆ. ಕೂತು ಹೇಳಿದಳು, ತಾಳ್ಮೆ ಇದೆ ಹುಡುಗಿಗೆ.

"ಮೌಶಿ, ಹಡಿಯೂ ನೋವು ತಾಯಿಗಷ್ಟ ಅಲ್ರಿ. ಕೂಸಿನ್ನೂ ಹಿಚುಕಿ ಹಿಚುಕಿ ಎಬ್ಬಸ್ತಾವ. ಹಂಗ ಎದ್ದು ಬಂದ ಕೂಸು ತನ್ನ ಮೈಯಾಗಿಟ್ಟಿದ್ದ ಸಕ್ಕರಿ ತಾನ ತಗದು ಖರ್ಚ ಮಾಡ್ತೈತಿ, ಮೈ ಬಿಸಿ ಇಟಗೊಂತೈತಿ. ಇಂವನ್ನ ನಾವು ನಿದ್ದಿಯೊಳಗ ಎತ್ತಿ ಹೊರಗ ತಂದೀವಿ, ಅದೂ ಮೂರ ವಾರ ಮೊದಲ. ಇಂವಗ ಇನ್ನಾ ಗೊತ್ತಿಲ್ಲ ತಾ ಹೊರಗ ಬಂದೀನಿ ಅಂತ. ಅದಕ್ಕ ಹಾಲು ನಾವ ನೆನಪ ಮಾಡಿ ಕುಡಸಬೇಕು, ಕಾವು ತಾಯಿ ಎದಿಯಿಂದ ಕೊಡಬೇಕು."

ಕಥೆ ಚೆನ್ನಾಗಿ ಹೇಳುತ್ತಾಳೆ. ಸಂಜೆ ಸಕ್ಕರೆ ಐವತ್ತಾರು ಬಂತೆಂದು ತಾನೇ ನಕ್ಕಳು.

ನನ್ನ ಚಿಂತೆ ಬೇರೆ. ಸೊಸೆಯ ಬೆನ್ನಿಗೆ ಮಾರುದ್ದ ಸೂಜಿ ಹಾಕಿದ್ದಾರೆ, ಕೈಗೆ ಬಾಟಲಿಗಟ್ಟಲೆ ಔಷಧ. ಅದೆಲ್ಲ ಎದೆಹಾಲಿಗೆ ಇಳಿಯದೆ ಎಲ್ಲಿ ಹೋಗುತ್ತದೆ? ಹಾಲೂ ಹಳದಿ, ಅಂಟಂಟು, ನಾಲ್ಕು ಹನಿ. ಇಲ್ಲಿ ಇವಳ ಕಣ್ಣ ಮುಂದೆ ಏನೂ ಮಾಡಲಿಕ್ಕಾಗುವುದಿಲ್ಲ. ಮನೆಗೆ ಹೋಗಲಿ.

ನವೆಂಬರ್ 12, ಬುಧವಾರ

ಮನೆಗೆ ಬಂದೆವು. ಇನ್ನೂ ಎರಡು ದಿನ ಇರಿ ಎಂದು ಡಾಕ್ಟರ್ ಬಾಯಿ ಹಟ ಹಿಡಿದಿದ್ದಳು. ನಾಳೆ ಐದನೇ ದಿನ, ಕೂಸಿನ ಹಣೆಬರಹ ಬರೆಯಲು ಸಟವಿ ಬರುತ್ತಾಳೆ. ದವಾಖಾನೆಯ ಮಂಚದ ಮೇಲೆ ಬಂದು ಬರೆಯುತ್ತಾಳೆಯೇ? ಮತ್ತೊಂದು ಸಹಿ ಹಾಕಿ ಬಂದೆವು.

ಬಾಗಿಲ ತನಕ ಬಂದು ತೃಪ್ತಿ ದುಂಡೇಶನಿಗೆ ಫೋನ್ ನಂಬರ್ ಕೊಟ್ಟಳು. ನನಗೆ ಹೇಳಿದಳು, "ಅಳಲಾರದ ಕೂಸು ಚಲೋ ಕೂಸು ಅಂತ ತಿಳೀಬ್ಯಾಡ್ರಿ ಮೌಶಿ. ಎರಡ ತಾಸಿಗೊಮ್ಮೆ ಎಬ್ಬಸ್ರಿ. ನೀರ ಎರಿಬ್ಯಾಡ್ರಿ ಇನ್ನಾ." ಹೂಂ ಅಂದೆ. ಹೂಂ ಅನ್ನುವುದನ್ನು ನಮ್ಮವರಿಂದ ಕಲಿತಿದ್ದೇನೆ.

ಬಂದವಳೇ ರಾಜಾನಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆದು ಲೋಬಾನದ ಹೊಗೆ ಕೊಟ್ಟೆ. ಬೇರು ಔಷಧದ ಗುಟ್ಟಿ ತೇಯ್ದು ನೆಕ್ಕಿಸಿದೆ. ಹೊಲಿಗೆ ಬಿಚ್ಚುವುದು ಹದಿನೇಳಕ್ಕೆ. ಅಲ್ಲಿಯ ತನಕ ಔಷಧದ ಹಾಲು ಬೇಡ, ಅರಿವೆಯ ಬತ್ತಿ ಅದ್ದಿ ಸಕ್ಕರೆ ನೀರು ಕೊಡುತ್ತೇನೆ ಅಂದೆ. ಸಕ್ಕರೆ ಕಡಿಮೆ ಅನ್ನುತ್ತಾರಲ್ಲ, ಸಕ್ಕರೆಯನ್ನೇ ಕೊಟ್ಟರಾಯಿತು.

ಸೊಸೆ ಮೊದಲ ಸಲ ಬಾಯಿ ತೆರೆದಳು. "ಅತ್ತಿ, ಎದಿ ಕಲ್ಲ ಆಗ್ಯಾವ್ರಿ. ಹಾಲು ಇಳದೈತಿ."

"ಹಿಂಡಿ ತಗಿ" ಅಂದೆ.

ವಾಟಿಯಲ್ಲಿ ಹಿಂಡಿ ಕೊಟ್ಟಳು. ನಾನೇ ಒಯ್ದು ಹಿತ್ತಲ ಗೋಡೆಗೆ ಚೆಲ್ಲಿದೆ. ಅದೇ ಗೋಡೆ. ನನ್ನ ಅತ್ತೆಯೂ ಅಲ್ಲಿಗೇ ಚೆಲ್ಲಿಸುತ್ತಿದ್ದಳು.

ನವೆಂಬರ್ 13, ಗುರುವಾರ

ಐದನೇ ದಿನದ ಪೂಜೆ ಆಯಿತು. ಸಟವಿ ಬರೆಯುವುದಕ್ಕೆ ಬಿಳಿ ಹಾಳೆ, ಪೆನ್ನು ಕೂಸಿನ ತಲೆಯ ಬಳಿ ಇಡಬೇಕು. ಮನೆಯಲ್ಲಿ ಗೆರೆ ಇಲ್ಲದ ಹಾಳೆ ಸಿಗಲಿಲ್ಲ. ಈ ಡೈರಿಯ ಕಟ್ಟಕಡೆಯ ಹಾಳೆ ಖಾಲಿ ಇತ್ತು, ಅದನ್ನೇ ಕಿತ್ತು ಇಟ್ಟೆ.

ಮಧ್ಯಾಹ್ನ ತೃಪ್ತಿಯ ಫೋನ್ ಬಂದಿತ್ತು. ಕುಡಿಯುತ್ತಾನೋ ಎಂದು ಕೇಳಿದಳು. "ಕುಡೀತಾನ್, ತೇಗ್ತಾನ್" ಅಂದೆ. ದುಂಡೇಶ ಅಲ್ಲೇ ನಿಂತಿದ್ದ.

"ಅವ್ವಾ, ಸುಳ್ಳ ಯಾಕ ಹೇಳ್ದಿ?"

"ನಿನ್ನ ಬೆಳಸಿದಾಕಿ ನಾನೋ, ಆಕಿಯೋ?"

ಗ್ಯಾರೇಜಿಗೆ ಹೋದ. ಕಬ್ಬಿನ ಹಂಗಾಮು, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆಯಂತೆ. ಉಗಾರದ ತನಕ ದಾರಿಯೆಲ್ಲ ಕಬ್ಬಿನ ಗಾಡಿ.

ನವೆಂಬರ್ 14, ಶುಕ್ರವಾರ

ಹಾಳೆಯಲ್ಲಿ ಏನೂ ಇರಲಿಲ್ಲ. ಇರುವುದೂ ಇಲ್ಲ, ಸಟವಿಯ ಬರಹ ಯಾರಿಗೆ ಕಾಣುತ್ತದೆ. ಆದರೂ ಎತ್ತಿ ನೋಡಿದೆ, ಯಾಕೋ. ಮಡಚಿ ದುಂಡೇಶನ ಅಂಗಿಯ ಜೇಬಿನಲ್ಲಿ ಇಟ್ಟೆ. ತಂದೆಯ ಹತ್ತಿರ ಇರಬೇಕು.

ರಾಜಾ ಮುಂಜಾನೆಯಿಂದ ಮಧ್ಯಾಹ್ನ ಎರಡರ ತನಕ ಒಂದೇ ನಿದ್ದೆ. ಬತ್ತಿ ಬಾಯಿಗಿಟ್ಟರೆ ತುಟಿ ಅಲ್ಲಾಡಿಸಿ ಬಿಟ್ಟುಬಿಡುತ್ತಾನೆ. ಮೈ ಬಣ್ಣ ಹಳದಿಗೆ ತಿರುಗಿದೆ, ಕಣ್ಣಿನ ಬಿಳಿಯೂ. ಭಂಡಾರ ಹಚ್ಚಿದ ಹಾಗೆ. ಮಲ್ಲಯ್ಯನ ವಾರ ಹುಟ್ಟಿದ ಕೂಸು, ಮಲ್ಲಯ್ಯನ ಬಣ್ಣ ತಂದಿದ್ದಾನೆ ಅಂದೆ. ನೋಡಲು ಬಂದ ಹೆಂಗಸರು ಹೌದು ಹೌದು ಅಂದರು. ಎಂಥ ಶಾಂತ ಕೂಸು ಸಾವಿತ್ರೆವ್ವಾ, ಮನೆಯಲ್ಲಿ ಕೂಸು ಇದೆ ಅಂತಲೇ ಗೊತ್ತಾಗುವುದಿಲ್ಲ ಅಂದರು.

ಕಾಲು ತಣ್ಣಗಿವೆ. ಕುಲಾಯಿ, ಸ್ವೆಟರ್, ಎರಡು ಕೌದಿ ಹಾಕಿದ್ದೇನೆ, ಆದರೂ ತಣ್ಣಗಿವೆ. ನವೆಂಬರ್ ಚಳಿ.

ಸೊಸೆ ನನ್ನನ್ನೇ ನೋಡುತ್ತಿರುತ್ತಾಳೆ. ಊಟ ಬಿಟ್ಟಿದ್ದಾಳೆ.

ನವೆಂಬರ್ 15, ಶನಿವಾರ

ಮುಂಜಾನೆ ಏಳಕ್ಕೆ ಕರಿ ಆಡು ಈಯಿತು. ಎರಡು ಮರಿ. ಮೊದಲನೆಯದು ಎದ್ದು ನಿಂತು ಕೆಚ್ಚಲು ಹುಡುಕಿತು. ಎರಡನೆಯದು ಬಿದ್ದುಕೊಂಡೇ ಇತ್ತು, ದನಿಯಿಲ್ಲ. ಬಾಯಲ್ಲಿ ಬೆರಳಿಟ್ಟೆ, ತಣ್ಣಗೆ. ಇಂಥದ್ದಕ್ಕೆ ತಡ ಮಾಡಬಾರದು. ಗೋಣಿಚೀಲದಿಂದ ತಿಕ್ಕಿ, ಒಲೆಯ ಮುಂದೆ ತಂದು, ತಾಯಿಯ ಗಿಣ್ಣು ಹಿಂಡಿ ಬೆರಳಿನಿಂದ ನೆಕ್ಕಿಸಿದೆ. ಗಿಣ್ಣು ಒಳಗೆ ಹೋಗದ ಮರಿ ಉಳಿಯುವುದಿಲ್ಲ, ಇದು ನಮ್ಮಲ್ಲಿ ಆಡು ಕಾಯುವ ಸಣ್ಣ ಹುಡುಗರಿಗೂ ಗೊತ್ತು. ಮುಕ್ಕಾಲು ತಾಸಿಗೆ ಬಾಯಿ ಬಿಸಿಯಾಯಿತು, ಬೆರಳು ಚೀಪಿತು. ಈಗ ಒದರುತ್ತಿದೆ.

ಕೈ ತೊಳೆದುಕೊಂಡೆ. ರಾಜಾನಿಗೆ ಎರೆಯಬೇಕು.

ನವೆಂಬರ್ 17, ಸೋಮವಾರ, ಮಿರಜ

ಅವತ್ತು ಎರೆಯಲಿಲ್ಲ.

ಎತ್ತಿಕೊಂಡಾಗ ಕುತ್ತಿಗೆ ಒಂದು ಕಡೆಗೆ ಬಿತ್ತು. ಕರೆದೆ. ಕಣ್ಣು ತೆರೆಯಲಿಲ್ಲ. ನಾನು ಯೋಚನೆ ಮಾಡಲಿಲ್ಲ, ನನ್ನ ಬೆರಳು ತಾನೇ ಕೂಸಿನ ಬಾಯೊಳಗೆ ಹೋಯಿತು. ತಣ್ಣಗಿತ್ತು. ಮರಿಯ ಬಾಯಿಯ ಹಾಗೆಯೇ ತಣ್ಣಗಿತ್ತು. ನಾಲಿಗೆ ಬೆರಳನ್ನು ಹಿಡಿಯಲಿಲ್ಲ.

"ಮನಿಷಾ" ಎಂದು ಕೂಗಿದೆ.

ಸೊಸೆ ಹೊಟ್ಟೆಯ ಹೊಲಿಗೆ ಕೈಯಲ್ಲಿ ಹಿಡಿದು ಎದ್ದು ಬಂದಳು. ತೃಪ್ತಿಗೆ ಫೋನ್ ಮಾಡಿದವಳೂ ಅವಳೇ. ತೃಪ್ತಿ ಬೈಯಲಿಲ್ಲ. "ಅಥಣಿಗೆ ಬರಬ್ಯಾಡ್ರಿ, ಮಿರಜ ನಿಮಗ ಹತ್ರ ಆಗ್ತೈತಿ. ಕೂಸಿನ್ನ ಬರಿ ಮೈ ಮಾಡಿ ನಿನ್ನ ಎದಿಗೆ ಹಚಗೋ. ನುಂಗೂದಿಲ್ಲಂದ್ರ ಬಾಯಾಗ ಸುರೀಬ್ಯಾಡ, ಗಲ್ಲದ ಒಳಮೈಗೆ ಹಾಲು ಸವರ" ಅಂದಳು.

ದುಂಡೇಶ ಗ್ಯಾರೇಜಿಗೆ ಬಂದಿದ್ದ ಯಾರದೋ ಜೀಪು ತಂದ. ನಮ್ಮವರು ಬಾಗಿಲಲ್ಲಿ ಅಡ್ಡ ನಿಂತು, "ಹನ್ನೆರಡ ದಿನ ತುಂಬಿಲ್ಲ, ಹೊಸ್ತಿಲಾ ದಾಟಸಬಾರದು ಅಂತ ನೀನ ಹೇಳಿದ್ದಿ" ಅಂದರು. ನಾನೇ ಹೇಳಿದ್ದೆ. "ಸರೀರಿ ಅತ್ತಾಗ" ಅಂದೆ.

ಕಾಗವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದವು. ಮ್ಹೈಸಾಳದಲ್ಲಿ ಕೂಸಿನ ಎಡಗೈ ತಾನೇ ಎಳೆಯತೊಡಗಿತು. ಎಳೆದು ಬಿಡುವುದು, ಎಳೆದು ಬಿಡುವುದು. ಬಾಯಿ ಚಪ್ಪರಿಸಿದ ಹಾಗೆ ಮಾಡಿತು. ಹಸಿವಾಗಿದೆ ಎಂದು ನಾನು ಅಂದೆ. ಹಸಿವಲ್ಲ, ಅದು ಫಿಟ್ಸ್.

ಮಿರಜಿನ ಡಾಕ್ಟರು ಮರಾಠಿಯವರು. ಹಿಮ್ಮಡಿ ಚುಚ್ಚಿದರು. ಸಕ್ಕರೆ ಹದಿನೆಂಟು. ಹೊಕ್ಕುಳಿಗೆ ನಳಿಗೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು, ಮೇಲೆ ನೀಲಿ ಬೆಳಕು. ಹೊರಗೆ ಬಂದು ಏನು ಕುಡಿಸಿದ್ದೀರಿ ಎಂದು ಕೇಳಿದರು. ನಾನು ಹೇಳಿದೆ, ಸಕ್ಕರೆ ನೀರು. ಅದನ್ನು ಅವರು ಬರೆದುಕೊಂಡರು. ಸಕ್ಕರೆ ನೀರಿನ ಸಕ್ಕರೆ ಅರ್ಧ ತಾಸಿಗೆ ಮುಗಿಯುತ್ತದೆ, ಹಾಲಿನಲ್ಲಿ ಇರುವ ಜಿಡ್ಡಿನಿಂದಲೇ ಕೂಸು ಮುಂದಿನ ಎರಡು ತಾಸು ತನ್ನ ಮೈ ನಡೆಸಿಕೊಳ್ಳುವುದು ಎಂದು ಅವರು ಅಂದದ್ದನ್ನು ಮನಿಷಾ ಕನ್ನಡದಲ್ಲಿ ತಿಳಿಸಿ ಹೇಳಿದಳು.

ಆಮೇಲೆ ಅವಳು ಡಾಕ್ಟರಿಗೆ ಇನ್ನೊಂದು ಮಾತು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ದವಾಖಾನೆಯ ದೊಡ್ಡ ಮಾತು ತಿಳಿಯದಿದ್ದರೂ ಆಡುಮಾತಿನ ಮರಾಠಿ ನನಗೆ ತಿಳಿಯುತ್ತದೆ, ಅವಳಿಗೂ ಅದು ಗೊತ್ತು. ಅತ್ತೆ ಆಡಿನ ಕಡೆ ಹೋದಾಗಲೆಲ್ಲ ಕದ್ದು ಎದೆಗೆ ಹಚ್ಚಿದ್ದೇನೆ, ದಿನಕ್ಕೆ ಮೂರು ಸಲ, ಅಂದಳು. ಹಾಗಾದರೆ ಅದೇ ಇವನನ್ನು ಇಲ್ಲಿಯ ತನಕ ತಂದಿದ್ದು ಎಂದರು ಡಾಕ್ಟರು.

ನನ್ನ ಮನೆಯಲ್ಲಿ ತಾಯಿ ಕದ್ದು ಹಾಲು ಕುಡಿಸಿದ್ದಾಳೆ, ನನ್ನ ಹೆದರಿಕೆಗೆ. ನಾಚಿಕೆಯಿಂದ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಕೂತೆ.

ಹಾಲು ಕೊಡುವ ಹೊತ್ತು ಬರೆದುಕೊಳ್ಳಿ ಎಂದು ಇಲ್ಲಿಯ ಸಿಸ್ಟರು ಹಾಳೆ ಕೇಳಿದಳು. ದುಂಡೇಶ ಜೇಬಿನಿಂದ ತೆಗೆದು ಕೊಟ್ಟದ್ದು ಸಟವಿಯ ಹಾಳೆ. ಅವಳು ಅದರ ಮೇಲೆ ಆರು, ಎಂಟು, ಹತ್ತು, ಹನ್ನೆರಡು ಎಂದು ಬರೆದಳು. ಇವತ್ತು ಮನಿಷಾಳ ಹೊಲಿಗೆ ಬಿಚ್ಚಿದರು.

ನವೆಂಬರ್ 20, ಗುರುವಾರ

ಆರಕ್ಕೆ 10 ಎಂಎಲ್, ನಳಿಗೆಯಿಂದ. ಎಂಟಕ್ಕೆ 10. ಹತ್ತಕ್ಕೆ 12, ಸ್ವಲ್ಪ ಕಕ್ಕಿತು. ಹನ್ನೆರಡಕ್ಕೆ 12, ನಿಂತಿತು. ಸಕ್ಕರೆ 61. ಫಿಟ್ಸ್ ನಿನ್ನೆಯಿಂದ ಇಲ್ಲ.

ಮನಿಷಾ ಹಿಂಡಿ ಕೊಡುತ್ತಾಳೆ, ನಾನು ವಾಟಿ ಹಿಡಿದು ಒಳಗೆ ಓಡುತ್ತೇನೆ. ಒಂದು ಹನಿ ಚೆಲ್ಲಿದರೂ ಜೀವ ಹೋದ ಹಾಗೆ ಆಗುತ್ತದೆ.

ಎರಡು ಗಂಟೆಗೆ ಅತ್ತಿತು. ಸಣ್ಣ ದನಿ, ಆದರೆ ಗಾಜಿನ ಆಚೆಗೂ ಕೇಳಿತು. ಮನಿಷಾ ನನ್ನ ಕೈ ಹಿಡಿದಳು, ಆಮೇಲೆ ನೆನಪಾಗಿ ಬಿಟ್ಟಳು.

ಬಾಪುಸಾಹೇಬ ಕಾಕಾನ ಫೋನ್ ಬಂದಿತ್ತು. ಇವತ್ತು ಅಮವಾಸ್ಯೆ, ಯಾವುದಕ್ಕೂ ಕೈ ಹಾಕಬೇಡಿ, ದಿನ ಒಳ್ಳೆಯದಲ್ಲ ಎಂದು ಹೇಳುತ್ತಿದ್ದರು. ಹಾಲಿನ ಹೊತ್ತಾಗಿತ್ತು, ಫೋನ್ ಇಟ್ಟೆ.

ನವೆಂಬರ್ 27, ಗುರುವಾರ

ಮನೆಗೆ ತಂದೆವು. ಎರಡು ಕಿಲೋ ಮುನ್ನೂರ ಐವತ್ತು. ಫಿಟ್ಸಿನ ಔಷಧ ದಿನಕ್ಕೆ ಎರಡು ಸಲ.

ತಲೆಯ ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದ್ದನ್ನು ಮನಿಷಾಳಿಂದ ಎರಡು ಸಲ ಕೇಳಿ ತಿಳಿದುಕೊಂಡೆ. ಮಿದುಳು ಸಕ್ಕರೆಯ ಮೇಲೆಯೇ ಬದುಕುವುದು. ಅದು ಸಿಗದ ದಿನಗಳಲ್ಲಿ ಹಿಂಭಾಗದಲ್ಲಿ ಒಂದಿಷ್ಟು ಪೆಟ್ಟಾಗಿದೆ. ಎಷ್ಟು ಎಂದು ಈಗ ಹೇಳಲಿಕ್ಕಾಗುವುದಿಲ್ಲ. ಕಣ್ಣಿಗೆ ತೊಂದರೆ ಆಗಬಹುದು, ಆಗದೆಯೂ ಇರಬಹುದು. ಆರರಿಂದ ಎಂಟು ವಾರಕ್ಕೆ ಮುಖ ನೋಡಿ ನಗಬೇಕು. ನಗುತ್ತದೆಯೇ ನೋಡಿ, ಅಂದರು.

ಆಗಿದ್ದಕ್ಕೆ ಹುಟ್ಟಿದ ರೀತಿಯೇ ಕಾರಣವೇ ಎಂದು ದುಂಡೇಶ ಕೇಳಿದನಂತೆ. ಅದರಿಂದ ಕೂಸು ಸೂಕ್ಷ್ಮ ಆಗಿತ್ತು, ಅಷ್ಟೇ. ಆ ಮೂರು ದಿನ ಹಾಲು ಸಿಕ್ಕಿದ್ದರೆ ದಾಟಿಕೊಳ್ಳುತ್ತಿತ್ತು ಅಂದರಂತೆ. ದುಂಡೇಶ ನನಗೆ ಅದನ್ನು ಹೇಳಿದಾಗ ನನ್ನ ಕಡೆ ನೋಡಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

ಹೆಸರು ಏನಿಡುವುದು ಎಂದು ನಮ್ಮವರು ಕೇಳಿದರು. ಮನಿಷಾ ಕುನಾಲ ಅಂದಳು. ಆಯಿತು ಅಂದೆ.

ಡಿಸೆಂಬರ್ 10, ಬುಧವಾರ

ಅಮವಾಸ್ಯೆಯದ್ದು ಬರೆಯುವುದಿಲ್ಲ ಅಂದಿದ್ದೆ.

ಮಧ್ಯಾಹ್ನ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದೆವು. ಮನಿಷಾ ಕೂಸಿಗೆ ಕುಡಿಸುತ್ತಿದ್ದಳು. ಕರಿ ಆಡಿನ ಆ ಎರಡನೇ ಮರಿ ಜಿಗಿಯುತ್ತಿತ್ತು, ಅದನ್ನು ನೋಡಲಿಕ್ಕೆ ನನಗೆ ಮನಸ್ಸಾಗುವುದಿಲ್ಲ. ಮನಿಷಾ ಕೇಳಿದಳು, "ಅತ್ತಿ, ಅಮವಾಸಿಗೆ ಯಾಕ ಅಷ್ಟ ಹೆದರತೀರಿ?"

ಹೇಳಿದೆ. ದುಂಡೇಶನಿಗಿಂತ ಮೊದಲು ಒಂದು ಹೆಣ್ಣು ಕೂಸಿತ್ತು. ಅಮವಾಸ್ಯೆಯ ದಿನ ಇದೇ ಮನೆಯಲ್ಲಿ ಹಡೆದೆ. ಎರಡು ದಿನ ನೋವು ತಿಂದು ಹಡೆದೆ. ಹುಟ್ಟಿದಾಗ ದೊಡ್ಡ ದನಿಯಲ್ಲಿ ಅತ್ತಿತು. ಮೂರು ದಿನ ಹಾಲು ಕೊಡಬಾರದು ಎಂದು ಅತ್ತೆ ಹೇಳಿದಳು, ಮೊದಲ ಹಾಲು ಕೆಟ್ಟದ್ದು ಅಂತ. ಎಣ್ಣೆ ನೆಕ್ಕಿಸಿದರು, ಬೆಲ್ಲದ ನೀರು ಕೊಟ್ಟರು. ದಿನಾ ಎರೆದರು. ನಾನು ಹಿಂಡಿ ಹಿಂಡಿ ಗೋಡೆಗೆ ಚೆಲ್ಲುತ್ತಿದ್ದೆ. ಮೂರನೇ ದಿನ ಅಳು ನಿಂತಿತು. ಶಾಂತ ಕೂಸು ಎಂದು ಎಲ್ಲರೂ ಹೊಗಳಿದರು. ನಾಲ್ಕನೇ ದಿನ ಮುಂಜಾನೆ ಅದರ ಕಾಲು ಹಿಡಿದು ನೋಡಿದೆ, ತಣ್ಣಗಿತ್ತು. ಅಮವಾಸ್ಯೆ ಒಯ್ಯಿತು ಅಂದರು. ಮೂವತ್ತೊಂದು ವರ್ಷ ನಾನೂ ಅದನ್ನೇ ಅಂದೆ.

ಹೇಳುತ್ತ ಹೇಳುತ್ತ ತಲೆ ಎತ್ತಿದೆ. ಎದುರಿಗೆ ಗೋಡೆ ಇತ್ತು.

ಮನಿಷಾ ಕೂಸನ್ನು ಇನ್ನೊಂದು ಎದೆಗೆ ಹಚ್ಚಿದಳು. ಆಮೇಲೆ, "ಹೆಸರೇನಿತ್ರಿ?" ಅಂದಳು.

ಇಟ್ಟಿರಲಿಲ್ಲ. ಹನ್ನೆರಡನೇ ದಿನ ಬರಲಿಲ್ಲವಲ್ಲ.

ಡಿಸೆಂಬರ್ 28, ರವಿವಾರ

ಏಳು ವಾರ ಆಯಿತು. ಮೂರು ಕಿಲೋ ಇನ್ನೂರು. ದನಿ ದೊಡ್ಡದಾಗಿದೆ. ಹಸಿದರೆ ಓಣಿಗೆಲ್ಲ ಕೇಳುವ ಹಾಗೆ ಒದರುತ್ತಾನೆ. ಕೂಸಿಗೆ ದೃಷ್ಟಿಯಾಗಿದೆ, ಇಷ್ಟು ಅಳಬಾರದು ಎಂದು ಪಕ್ಕದ ಮನೆಯವಳು ಹೇಳಲು ಬಂದಿದ್ದಳು. ಅಳಲಿ ಬಿಡು ಅಂದೆ. ತೃಪ್ತಿ ಹದಿನೈದು ದಿನಕ್ಕೊಮ್ಮೆ ಶೇಡಬಾಳಕ್ಕೆ ಹೋಗುವಾಗ ಇಳಿದು ನೋಡಿ ಹೋಗುತ್ತಾಳೆ. ಅವಳಿಗೆ ಚಹಾ ಮಾಡಿ ಕೊಡುತ್ತೇನೆ, ಅವಳ ಮುಖ ನೋಡಲಿಕ್ಕೆ ಇನ್ನೂ ಆಗುವುದಿಲ್ಲ.

ದಿನಾ ಊಟದ ಮೇಲೆ ಹಿತ್ತಲ ಬಿಸಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವುದು ನನ್ನ ಕೆಲಸ. ನಾಲಿಗೆ ಚಾಚುತ್ತೇನೆ, ಹುಬ್ಬು ಕುಣಿಸುತ್ತೇನೆ, ಆಡಿನ ಹಾಗೆ ಕೂಗುತ್ತೇನೆ. ನಮ್ಮವರೂ ಬಂದು ಮೀಸೆ ತಿರುವಿ ತೋರಿಸುತ್ತಾರೆ. ದನಿ ಬಂದ ಕಡೆ ತಲೆ ತಿರುಗಿಸುತ್ತಾನೆ. ಕಣ್ಣು ಮಾತ್ರ ನನ್ನ ಕಿವಿಯ ಪಕ್ಕದಿಂದ ಹಾದು ಗೋಡೆಯ ಕಡೆಗೆ ಹೋಗುತ್ತದೆ. ಬಳೆ ಅಲ್ಲಾಡಿಸಿದರೆ ಸದ್ದಿಗೆ ಹೊರಳುತ್ತಾನೆ, ಸದ್ದಿಲ್ಲದೆ ಬಣ್ಣದ ಅರಿವೆ ಹಿಡಿದರೆ ಹೊರಳುವುದಿಲ್ಲ. ಮನಿಷಾಗೂ ಇದು ಗೊತ್ತಾಗಿದೆ. ಇಬ್ಬರೂ ಅದರ ಬಗ್ಗೆ ಮಾತಾಡಿಲ್ಲ. ಎಂಟು ವಾರ ತುಂಬಲಿಕ್ಕೆ ಇನ್ನೂ ಒಂದು ವಾರ ಇದೆ.

ಇವತ್ತೂ ನಗಲಿಲ್ಲ.

ಈ ಡೈರಿಯಲ್ಲಿ ಇನ್ನು ಮೂರೇ ದಿನದ ಹಾಳೆ ಉಳಿದಿವೆ. ಕಡೆಯದ್ದನ್ನು ನಾನೇ ಕಿತ್ತಿದ್ದೇನೆ. ಅದು ಈಗ ಒಳಕೋಣೆಯ ಗೋಡೆಗೆ ಅಂಟಿದೆ, ಅದರ ಮೇಲೆ ಹಾಲಿನ ಹೊತ್ತುಗಳು. ಹೊಸ ಡೈರಿ ತರುತ್ತೇನೆ ಎಂದು ದುಂಡೇಶ ಹೇಳಿದ್ದಾನೆ. ಹೋದ ವಾರದಿಂದ ನನ್ನ ಜೊತೆ ಒಂದೆರಡು ಮಾತು ಆಡುತ್ತಿದ್ದಾನೆ.

ಸಂಜೆ ನಾಲ್ಕು. ಮನಿಷಾ ಬಚ್ಚಲಿಗೆ ಹೋಗಿದ್ದಾಳೆ. ಕುನಾಲ ಒಳಗೆ ತೊಟ್ಟಿಲಲ್ಲಿ ಒದರುತ್ತಿದ್ದಾನೆ, ಹಾಲಿಗೆ ಇನ್ನೂ ಹತ್ತು ನಿಮಿಷ ಇದೆ. ಆ ದನಿ ಕೇಳುತ್ತ ಬರೆಯುತ್ತಿದ್ದೇನೆ. ದನಿ ಇದ್ದರೆ ನಿಶ್ಚಿಂತೆಯಿಂದ ಬರೆಯಬಹುದು.

ಸುಮ್ಮನಾದ. ನೋಡಿ ಬರುತ್ತೇನೆ.